ನಲವತ್ತೊಂಬತ್ತನೆಯ ದಿನದ ಸಾಲು

ಇನ್ನೆಂದೂ ನಿನಗೆ ಹೋಗು ಅನ್ನುವುದಿಲ್ಲ ಅಂತ ಮಾತು ಕೊಟ್ಟಿದ್ದ — ಕೆಂಡದ ಮೇಲೆ ಬೆಣ್ಣೆ ಕಲಸಿದ ಬಾರ್ಲಿ ಹಿಟ್ಟು ಚಟಪಟ ಅಂದು ಹೊಗೆ ಮಗಳ ಖಾಲಿ ಹಾಸಿಗೆಯ ಕಡೆಗೇ ಬಾಗಿದಾಗ ಮೊರುಪನಿಗೆ ನೆನಪಾದದ್ದು ಅದೇ, ಸತ್ತವರಿಗೆ ಹೊಗೆಯೇ ಊಟ, ಉಣ್ಣು ಮಗಳೇ, ಏಳು ವರ್ಷಕ್ಕೇ ಅವಳನ್ನು ಲೇಹ್‌ನ ಹಾಸ್ಟೆಲಿಗೆ ಹತ್ತಿಸಿದ ಬೆಳಿಗ್ಗೆ ಬಸ್ಸಿನ ಹಿಂದಿನ ಗಾಜಿಗೆ ಒತ್ತಿದ್ದ ಪುಟ್ಟ ಅಂಗೈ, ಸುತ್ತ ಕಟ್ಟಿದ ಉಸಿರಿನ ಮಂಜು, ರಜೆಗೆ ಬಂದವಳು ಕೊರಳು ಬಿಡದೆ, ಆಬಾಲೆ, ಅಪ್ಪಾ, ನೀನೇ ಹೋಗು ಅಂದ್ಯಲ್ಲ, ಇನ್ನೊಂದ್ಸಲ ಅಂತೀಯಾ, ಇಲ್ಲ ಕಣೇ ಸ್ಕರ್ಮಾ, ಸತ್ರೂ ಅನ್ನಲ್ಲ — ಮತ್ತೆ ಕಳಿಸಲೇ ಇಲ್ಲ, ಸತ್ತದ್ದು ಅವಳು, ಹತ್ತೊಂಬತ್ತಕ್ಕೆ, ಮೂರೇ ದಿನದ ಜ್ವರ, ಇಂದಿಗೆ ನಲವತ್ತೊಂಬತ್ತು ದಿನ, ಸತ್ತ ಜೀವ ನಡುದಾರಿಯಲ್ಲಿರುವುದು ಅಷ್ಟೇ, ಓದಿಗೆ ಇದೇ ಕೊನೆಯ ದಿನ, ಮಂಡಿಯ ಮೇಲೆ ಹೊತ್ತಗೆಯ ಉದ್ದನೆಯ ಹಾಳೆಗಳು, ಊರಲ್ಲಿ ಯಾರು ಸತ್ತರೂ ಓದಿ ದಾರಿ ಹೇಳುವವನು ಅವನೇ, ಕೋರೆಹಲ್ಲಿನ ದೇವತೆ ಕಂಡರೆ ಹೆದರಬೇಡ ಅದು ನಿನ್ನದೇ ಸಿಟ್ಟು, ಮಂಕು ಬೆಳಕಿಗೆ ಮರುಳಾಗಬೇಡ ಅದು ನಿನ್ನದೇ ಆಸೆ, ಅವಳಿಗೆಲ್ಲಿಯ ಸಿಟ್ಟು, ಉಪ್ಪು ಹೆಚ್ಚಾದ ಚಹಕ್ಕೂ ನಗುತ್ತಿದ್ದವಳು, ಓದುತ್ತ ಓದುತ್ತ ಅವನಿಗೇ ಗೊತ್ತಾಗಿದೆ, ಇದೆಲ್ಲ ತನ್ನ ಒಳಗಿನದೇ, ಹೊಸಿಲು ದಾಟಲಾರದೆ ಅಲೆಯುತ್ತಿರುವ ಜೀವ ತನ್ನದೇ, ಆದರೂ ಆ ಒಂದು ಸಾಲು ಬಂದಾಗ ಕಣ್ಣು ಜಾರುತ್ತದೆ, ಹಾಳೆ ಮಗುಚುತ್ತದೆ.

ಒಲೆಯ ಬದಿಯಲ್ಲಿ ಪ್ರಾರ್ಥನಾಚಕ್ರ ನಿಂತಿತು, ಅವನ ತಾಯಿ, ನಾನೇನು ಕಿವುಡಿ ಅಂದ್ಕೊಂಡ್ಯೇನೋ, ನಲವತ್ತೆಂಟು ದಿನವೂ ಒಂದು ಸಾಲು ನುಂಗಿದ್ದೀಯ, ಅದೇನು ರೊಟ್ಟಿನಾ ನುಂಗೋಕೆ, ನಿಮ್ಮಪ್ಪ ಸತ್ತಾಗ ಓದ್ತಾ ಗಂಟಲು ಹರಿಯೋ ಹಾಗೆ ಹೋಗು ಹೋಗು ಅಂದ್ಯಲ್ಲ, ಆಗ ನಾಲಿಗೆ ನೆಟ್ಟಗಿತ್ತಾ, ಅಮ್ಮಾ, ಅವಳಿಗೆ ಮಾತು ಕೊಟ್ಟಿದ್ದೆ, ಅಳಬೇಡ ಮಗನೇ, ನಿನ್ನ ಕಣ್ಣೀರು ಅವಳ ದಾರೀಲಿ ಆಲಿಕಲ್ಲಾಗಿ ಬೀಳುತ್ತೆ, ಮಗು ಬಾಗಿಲಲ್ಲೇ ನಿಂತಿದೆ ಕಣೋ, ಒಳಗೆ ಜಾಗ ಇಲ್ಲ, ಹೊರಗೆ ನೀನು ಬಿಡ್ತಿಲ್ಲ — ಬಾಗಿಲಲ್ಲೇ, ಕಾಲಿಗೆ ಚಪ್ಪಲಿಯೂ ಇಲ್ಲದೆ, ಈ ಚಳಿಯಲ್ಲಿ, ಅವನು ಹಾಳೆಯನ್ನು ಹಿಂದಕ್ಕೆ ಮಗುಚುತ್ತಾನೆ, ಸಾಲು ಅಲ್ಲೇ ಇದೆ, ಬಸ್ಸು ಗುರುಗುಟ್ಟುತ್ತಿದೆ, ಹೊರಡುತ್ತಿಲ್ಲ, ಗಾಜಿನ ಮೇಲೆ ಅಂಗೈ, ಡ್ರೈವರ್ ಇವನತ್ತಲೇ ನೋಡುತ್ತಿದ್ದಾನೆ, ಗಾಜಿನ ಮೇಲೆ ಅಂಗೈ, ಐದೂ ಬೆರಳು —

ಸ್ಕರ್ಮಾ, ತಿರುಗಿ ನೋಡಬೇಡ, ಹೋಗು.

ಮೊರುಪ್ ಕೊಟ್ಟ ಮಾತು ಮುರಿದ. ಗಾಜಿನ ಮೇಲೆ ಅಂಗೈ.