ಹಳದಿಗೆ ಸೇರಿದ ಕಣ

ಗದಗ ಹೊಸ ಜಿಲ್ಲೆಯಾದ ಮೇಲೆ ಲಕ್ಷ್ಮೇಶ್ವರ ಕೈಕಾಲು ಚಾಚತೊಡಗಿತು. ಚಾಚಲಿ, ಯಾರು ಬೇಡ ಅಂದರು? ಆದರೆ ಬಾಳೆಹೊಸೂರ ದಾರಿಯಲ್ಲಿರುವ ಸಣ್ಣ ಊರಿನ ಕಣದ ಮೇಲೇ ಕಾಲಿಟ್ಟರೆ ದಾವಲಬಿ ಸುಮ್ಮನಿರುವ ಹೆಣ್ಣಲ್ಲ.

ಅದು ಊರಿಗೆಲ್ಲ ಸೇರಿದ ಕಣ. ದಾವಲಬಿ, ನೆರೆಮನೆಯ ಕರೆವ್ವ, ಹೀಗೆ ಸ್ವಂತ ಕಣವಿಲ್ಲದ ಸಣ್ಣ ಹೊಲದವರೆಲ್ಲ ಜೋಳ, ಕಡಲೆ, ಹೆಸರು ತಂದು ರಾಶಿ ಮಾಡುವುದು ಅಲ್ಲೇ. ಪಟ್ಟಣ ಎತ್ತ ಬೆಳೆಯಬೇಕೆಂದು ನಕ್ಷೆ ಬರೆಯುವವರು ಬಂದದ್ದು ಬೇಸಿಗೆಯಲ್ಲಿ. ರಾಶಿ ಮುಗಿದು ಅಲ್ಲಿ ಧೂಳಷ್ಟೇ ಉಳಿದಿತ್ತು. ‘ಖಾಲಿ ಜಾಗ’ ಎಂದು ಹಳದಿ ಬಳಿದು ಹೋದರು. ನಕ್ಷೆಯಲ್ಲಿ ಹಸಿರು ಅಂದರೆ ಬೇಸಾಯ, ಹಳದಿ ಅಂದರೆ ಮನೆ ಕಟ್ಟುವ ಜಾಗ. ಉಂಡು ತೊಳೆದಿಟ್ಟ ತಾಟು ನೋಡಿ ಈ ಮನೆಯವರು ಉಣ್ಣುವುದೇ ಇಲ್ಲ ಅಂದ ಹಾಗಾಯಿತು!

ಹಿಗ್ಗಿದವನು ಪುಂಡಲೀಕಪ್ಪ. ಅದೇ ಊರಲ್ಲಿ ಹುಟ್ಟಿ ಬೆಳೆದು, ಈಗ ಲಕ್ಷ್ಮೇಶ್ವರದಲ್ಲಿ ಪ್ಲಾಟು ಮಾರುವ ದೊಡ್ಡ ಮನುಷ್ಯ.

“ಕಣ ಹೋದ್ರ ನಾವು ರಾಶಿ ಎಲ್ಲಿ ಮಾಡೂದೋ?” ಎಂದು ದಾವಲಬಿ ಕೇಳಿದ್ದಳು.

“ರಾಶಿ ಯಾಕ ಬೇಕಕ್ಕಾ? ಹೊಲಾನೂ ನನಗ ಕೊಟ್ಟು ಆರಾಮ ಇರು” ಎಂದು ಅವನು ನಕ್ಕಿದ್ದ.

ದಾವಲಬಿಗೆ ಆಗಲೇ ಅರ್ಥವಾಯಿತು. ಕಣ ಬರೀ ನೆವ, ಅವನ ಕಣ್ಣಿರುವುದು ಹೊಲದ ಮೇಲೆ. ಗಂಡ ಸತ್ತ ಮೇಲೆ ಅವಳು ಯಾರ ಮುಂದೆಯೂ ಕೈಚಾಚದೆ ಬದುಕಿದ್ದು ಆ ಹೊಲದಿಂದಲೇ.

ಊರವರು ತಕರಾರು ಕೊಟ್ಟಿದ್ದರಿಂದ ನಕ್ಷೆ ಕಚೇರಿಯ ಸಾಹೇಬರು ಜಾಗ ನೋಡಲು ಬರುತ್ತಾರೆಂದು ಖಬರು ಬಂತು. ಹಿಂದಿನ ದಿನ ದಾವಲಬಿ ಸೆಗಣಿ ಬುಟ್ಟಿ ಹೊತ್ತು ಕಣಕ್ಕೆ ಬಂದಳು.

“ಹುಚ್ಚ ಹಿಡದೈತೇನ ನಿನಗ?” ಎಂದಳು ಕರೆವ್ವ. “ಹೆಸರು ಇನ್ನೂ ಹೂವಿನಾಗ ಐತಿ. ಈಗ ಯಾರರ ಕಣ ಮಾಡ್ತಾರೇನು?”

“ನಾವು ಮಾಡ್ತೀವಿ. ಬಣ್ಣಾ ಬಳಿಯಾಕ ಅವರಿಗಷ್ಟ ಬರತೈತೇನು?”

ಕರೆವ್ವ ನಕ್ಕು ಸೆರಗು ಸಿಗಿಸಿದಳು. ಓಣಿಯ ಹೆಂಗಸರೆಲ್ಲ ಕೈಹಚ್ಚಿದರು. ನೆಲ ಸಾರಿಸಿ, ನಡುವೆ ಎತ್ತು ಕಟ್ಟಿ ಸುತ್ತಿಸುವ ಮೇಟಿಕಂಬ ನೆಟ್ಟೇ ಮನೆಗೆ ಹೋದರು.

ಮರುದಿನ ಸಾಹೇಬರು ಜೀಪಿನಿಂದ ಇಳಿದು ಬೂಟುಗಾಲಲ್ಲೇ ಕಣದೊಳಗೆ ಬಂದರು. ಹಿಂದೆಯೇ ಪುಂಡಲೀಕಪ್ಪ.

“ಎಲ್ಲಾ ನಾಟಕ ಸಾಹೇಬ್ರ! ನಿನ್ನೆ ಬಳದಾರ. ಇದು ಕಣಾನೂ ಅಲ್ಲ, ಮಣ್ಣೂ ಅಲ್ಲ. ಖಾಲಿ ಜಾಗ!” ಎಂದು ಕೂಗುತ್ತ ಮೇಟಿಯವರೆಗೂ ಬಂದ.

ದಾವಲಬಿಯ ಕಣ್ಣು ಅವನ ಕಾಲಿಗೆ ಹೋಯಿತು. ಬರಿಗಾಲು! ಚಪ್ಪಲಿ ಕಣದ ಅಂಚಿನಲ್ಲಿ ಜೋಡಿಯಾಗಿ ಕೂತಿದ್ದವು.

“ಪುಂಡಲೀಕಾ, ಖಾಲಿ ಜಾಗಕ್ಕ ಚಪ್ಪಲಿ ಯಾಕ ಬಿಟ್ಟು ಬಂದಿಯೋ?”

ಅವನು ತನ್ನ ಕಾಲು ನೋಡಿಕೊಂಡ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏನಾಯ್ತು?” ಎಂದರು ಸಾಹೇಬರು.

“ಸಾರಿಸಿ ಮೇಟಿ ನಟ್ಟ ಕಣಕ್ಕ ನಮ್ಮ ಕಡೆ ಯಾರೂ ಕಾಲಾಗ ಹಾಕ್ಕೊಂಡು ಬರೂದಿಲ್ರಿ” ಎಂದಳು ಕರೆವ್ವ. “ಅವನ ಬಾಯಿ ಮರತೈತಿ, ಕಾಲು ಮರತಿಲ್ಲ.”

ಸಾಹೇಬರು ತಮ್ಮ ಬೂಟು ನೋಡಿಕೊಂಡು ಮೆಲ್ಲಗೆ ಅಂಚಿಗೆ ಸರಿದರು. “ಇದು ಹಸಿರಿಗೇ ಸೇರಬೇಕು ಅಂತ ಮೇಲೆ ಬರೆಯುತ್ತೇನೆ. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು.”

“ಬರೀರಿ ಸಾಹೇಬ್ರ. ಒಪ್ಪಿದ್ರ ಛಲೋ ಆತು” ಎಂದಳು ದಾವಲಬಿ. “ಒಪ್ಪಲಿಲ್ಲಂದ್ರೂ ನಾವು ಇಲ್ಲೇ ಹೆಸರಿನ ರಾಶಿ ಹಾಕಾವ್ರ. ಪ್ಲಾಟಿನ ಕಲ್ಲು ನಡಾವ್ರು ನಮ್ಮ ರಾಶಿ ತುಳದ ನಡಬೇಕು. ತುಳೀತಿಯೇನೋ, ಪುಂಡಲೀಕಾ?”

ಪುಂಡಲೀಕಪ್ಪ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಜೀಪಿನ ಕಡೆ ನಡೆದ.