ಬಾವಿಗೆ ಬಂದ ಎಣ್ಣೆ

ನೇಮಿನಾಥ ರಜೆಗೆಂದು ಕುಲಗೋಡಕ್ಕೆ ಬಂದು ಐದು ದಿನವೂ ತುಂಬಿರಲಿಲ್ಲ, ಮನೆಯ ಬಾವಿಯಲ್ಲಿ ಎಣ್ಣೆ ಕಾಣಿಸಿತು. ನೀರಿನ ಮೇಲೆ ನವಿಲುಗರಿಯ ಬಣ್ಣದ ತೆಳು ಪದರ. ಮನೆಯಲ್ಲಿ ಕುಡಿಯುವ ನೀರೂ ವಾಸನೆ ಹೊಡೆಯಿತು. ಓಣಿಯವರೆಲ್ಲ ಸೇದುವ ಬಾವಿ ಅದು. ಗಲಾಟೆಯಾಯಿತು.

ಅಣ್ಣ ಬಾಬಾಸಾಹೇಬ ಹೆಚ್ಚು ಹುಡುಕಲಿಲ್ಲ. ಕೊಟ್ಟಿಗೆ ಕೆಲಸದ ಗುಡ್ಡವ್ವ ದನಗಳಿಗೆ ನೀರು ಸೇದುತ್ತಿದ್ದದ್ದು ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಹಳೆಯ ಡಬ್ಬಿಯಲ್ಲಿ.

"ಡಬ್ಬಿ ತೊಳದಿಲ್ಲ ನೀ."

"ಎರಡ್ ವರ್ಷ ಆತ್ರಿ ಸಾವ್ಕಾರ್ರ, ಇದರಾಗ ಸೇದಾಕತ್ತು. ಎಣ್ಣಿ ಉಳದಿದ್ರ ನಮ್ಮನಿ ದೀಪಕ್ಕರ ಒಯ್ತಿದ್ದೆ," ಎಂದಳು ಗುಡ್ಡವ್ವ. "ದನ ಸುಮ್ನ ಕುಡ್ಯಾಕತ್ತಾವು ನೋಡ್ರಿ. ಅವಕ್ಕ ಮೂಗಿಲ್ಲೇನ್ರಿ?"

"ನಾಲಿಗಿ ಭಾಳ ಉದ್ದ ಆತು ನಿಂದು. ನೇಮೂ, ನೀ ಎಣ್ಣಿ ಕಂಪನ್ಯಾಗಿನಾಂವ. ಇದು ಎಲ್ಲಿಂದ ಬಂತು, ನೀನ ಹೇಳು."

ಅಸ್ಸಾಮಿನ ಎಣ್ಣೆ ಕಂಪನಿಯೊಂದರ ಪ್ರಯೋಗಶಾಲೆಯಲ್ಲಿ ನೇಮಿನಾಥನಿಗೆ ಅದೇ ಕೆಲಸ. ಭೂಮಿಯಾಳದಿಂದ ಬಂದ ಕಚ್ಚಾ ಎಣ್ಣೆ ಯಾವ ಕಲ್ಲಿನಲ್ಲಿ ಹುಟ್ಟಿತೆಂದು ಪತ್ತೆಹಚ್ಚುವುದು. ಕೋಟ್ಯಂತರ ವರ್ಷಗಳ ಹಿಂದೆ ಕೆಸರಿನಲ್ಲಿ ಹೂತ, ಕಣ್ಣಿಗೆ ಕಾಣದ ಜೀವಿಗಳೇ ಬೆಂದು ಎಣ್ಣೆಯಾದವೆಂದು ಅಲ್ಲಿಯ ಸಾಹೇಬ ಹೇಳುತ್ತಿದ್ದ. ಆ ಜೀವಿಗಳನ್ನು ಹೊತ್ತ ಕಲ್ಲಿಗೆ ಕೆಲಸಗಾರರು ತಾಯಿಗಲ್ಲು ಎನ್ನುತ್ತಿದ್ದರು. "ಎಣ್ಣೆ ಸಿಕ್ಕ ಜಾಗ ಅದು ಹುಟ್ಟಿದ ಜಾಗವಲ್ಲ. ಬಂದ ದಾರಿ ನೋಡು," ಎಂಬುದು ಸಾಹೇಬನ ನಿತ್ಯದ ಮಾತು.

ತಮ್ಮ ಮನೆಯ ಬಾವಿಯಲ್ಲೇ ತಾಯಿಗಲ್ಲಿದ್ದರೆ? ನೇಮಿನಾಥ ಹಗ್ಗ ಹಿಡಿದು ಬಾವಿಗೆ ಇಳಿದ. ಕೋಲಿನಿಂದ ಪದರವನ್ನು ಸೀಳಿದ. ತುಕ್ಕಿನ ಪದರವಾಗಿದ್ದರೆ ಹಪ್ಪಳದಂತೆ ಒಡೆಯಬೇಕು. ಇದು ಮತ್ತೆ ಕೂಡಿಕೊಂಡಿತು. ಎಣ್ಣೆಯೇ. ಬಾವಿಯ ಗೋಡೆಯಿಂದ ಕರಿಯ ಪದರಗಲ್ಲನ್ನು ಕಿತ್ತು, ಕುಟ್ಟಿ, ಟ್ರಂಕಿನಲ್ಲಿ ತಂದಿದ್ದ ಗಾಜಿನ ನಳಿಕೆಯಲ್ಲಿ ಹಾಕಿ ಕಾಸಿದ. ತಾಯಿಗಲ್ಲಾಗಿದ್ದರೆ ನಳಿಕೆಯ ಕೊರಳಿಗೆ ಕಂದು ಹನಿ ಕೂರಬೇಕಿತ್ತು. ಕೂರಲಿಲ್ಲ. ನೀರಿನ ಮೇಲಿನ ಎಣ್ಣೆಯನ್ನು ಕಾಗದಕ್ಕೆ ಹೀರಿಸಿ ಒಣಗಿಸಿದ. ಕಚ್ಚಾ ಎಣ್ಣೆಯ ಕಲೆ ಉಳಿಯಲಿಲ್ಲ.

"ಕಲ್ಲಿಂದ ಬಂದದ್ದಲ್ಲ. ಚಿಮಣಿ ಎಣ್ಣಿ. ಮ್ಯಾಲಿಂದ ಬಿದ್ದೈತಿ," ಎಂದು ನಿರಾಸೆಯಿಂದ ಹೇಳಿ ನಳಿಕೆ ತೊಳೆಯಲು ಕೂತ.

"ಆತಲ್ಲ! ಶಾಣ್ಯಾನ ಬಾಯಿಂದನ ಬಂತು," ಎಂದ ಬಾಬಾಸಾಹೇಬ. ಅಂದೇ ಗುಡ್ಡವ್ವನನ್ನು ಕೆಲಸದಿಂದ ಬಿಡಿಸಿದರು. ಹೋಗುವಾಗ ಅವಳು ನೇಮಿನಾಥನ ಮುಂದೆ ಒಂದು ಗಳಿಗೆ ನಿಂತಳು. ಅವನು ಹೇಳಿದ್ದು ಸುಳ್ಳೇನಲ್ಲ. ಆದರೆ ಅರ್ಧ ದಾರಿಗೇ ನಿಂತುಬಿಟ್ಟಿದ್ದ.

ಮೂರನೆಯ ಬೆಳಿಗ್ಗೆ ಅವನು ಬಾವಿಯ ಬಳಿ ಹಲ್ಲುಜ್ಜುತ್ತಿದ್ದ. ತಾಯಿ ಜಿನ್ನವ್ವ ನೀರು ಸೋಸುತ್ತಿದ್ದಳು. ಆ ಕೆಲಸವನ್ನು ಅವಳು ಸೊಸೆಗೂ ಬಿಡುತ್ತಿರಲಿಲ್ಲ. ಜೈನರ ನೇಮದಂತೆ, ಸೋಸಿದ ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳು ಬಂದ ಬಾವಿಗೇ ಮರಳಬೇಕು. ನೆಲಕ್ಕಲ್ಲ, ಬೇರೆ ನೀರಿಗಲ್ಲ. ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದ ಚೊಂಬಿಗೆ ಜಾಲಿಸಿ, ಚೊಂಬನ್ನು ಹಗ್ಗದಲ್ಲಿ ಇಳಿಬಿಟ್ಟು ನೀರಿನ ಮಟ್ಟದಲ್ಲಿ ಮೆಲ್ಲನೆ ಬಗ್ಗಿಸಿದಳು.

ಚೊಂಬು ಬಗ್ಗಿದಲ್ಲಿಂದ ಬಣ್ಣಗಳು ಹರಡಿಕೊಂಡವು.

ಬಾಯಿ ಮುಕ್ಕಳಿಸದೆಯೇ ಅವನು ಅಡುಗೆಮನೆಗೆ ಓಡಿದ. ಸೋಸುವ ಬಟ್ಟೆ ನೇತುಹಾಕುವ ಗೂಟದ ಮೇಲೆ, ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಚಿಮಣಿ ಎಣ್ಣೆಯ ಬಾಟಲಿ ವಾಲಿ ಕೂತಿತ್ತು. ಬೂಚೆಂದು ತುರುಕಿದ ಚಿಂದಿ ನೆನೆದು, ಅದರ ತುದಿಯಿಂದ ಗೂಟದ ಮೇಲೆ ಹನಿ ಇಳಿಯುತ್ತಿತ್ತು. ಊರಿಗೆ ಬಂದ ದಿನ ಓದುವ ದೀಪಕ್ಕೆಂದು ಎಣ್ಣೆ ತರಿಸಿ ಅಲ್ಲಿಟ್ಟವನು ತಾನೇ.

ಬಾಟಲಿಯನ್ನು ಹೊರಗಿಟ್ಟ. "ಹರದೈತವ್ವಾ, ಹೊಸಾದು ತಗೋ," ಎಂದು ಬೇರೆ ಬಟ್ಟೆ ಕೊಟ್ಟ. ನೀರು ತಿಳಿಯಾಗಲಿ, ಆಮೇಲೆ ಹೇಗಾದರೂ ಗುಡ್ಡವ್ವನನ್ನು ಕರೆಸಿದರಾಯಿತು ಎಂದುಕೊಂಡ. ನಾಲ್ಕೇ ದಿನದಲ್ಲಿ ನೀರು ತಿಳಿಯಾಯಿತು.

"ನೋಡ್ರಿ, ಆಕಿ ಹ್ವಾದ್ಮ್ಯಾಲ ಹೆಂಗ ಚೊಕ್ಕ ಆತು!" ಎಂದು ಬಾಬಾಸಾಹೇಬ ಓಣಿಗೆಲ್ಲ ಸಾರಿದ. ಹೌದೆಂದು ಎಲ್ಲರೂ ತಲೆಯಾಡಿಸಿದರು. ತಿಳಿನೀರೇ ಅವಳ ವಿರುದ್ಧ ಸಾಕ್ಷಿಯಾಯಿತು.

ಹೇಳಬೇಕಿತ್ತು. ಹೇಳಿದರೆ, ಜೀವ ಉಳಿಸಲೆಂದು ತಾನು ಸುರಿದದ್ದು ವಿಷವೆಂದು ಅವ್ವನಿಗೆ ತಿಳಿಯುತ್ತಿತ್ತು. ಅವಳು ಅನ್ನ ಬಿಡುತ್ತಿದ್ದಳು. ಆ ಭಯ ಖರೆ. ಆದರೆ ಓಣಿ ನಗುತ್ತದೆಂಬ ಭಯವೂ ಅಷ್ಟೇ ಖರೆಯಾಗಿತ್ತು.

ರಜೆ ಮುಗಿಯುವ ಹಿಂದಿನ ದಿನ ಅವನು ಗುಡ್ಡವ್ವನ ತವರು ಮೇಲವಂಕಿಗೆ ಹೋದ. ಅವಳು ಸಗಣಿಯ ಕುಳ್ಳು ತಟ್ಟುತ್ತಿದ್ದಳು.

"ಎಣ್ಣಿ ನಿನ್ನ ಡಬ್ಬಿದಲ್ಲ, ಗುಡ್ಡವ್ವಾ. ನಂದು," ಎಂದು ಎಲ್ಲವನ್ನೂ ಹೇಳಿದ.

ಅವಳು ಕೈ ನಿಲ್ಲಿಸಲಿಲ್ಲ. "ನಂದಲ್ಲಂತ ನನಗ ಗೊತ್ತೇ ಐತ್ರಿ. ಗೊತ್ತಿಲ್ಲದವ್ರಿಗೆ ಹೇಳ್ರಿ."

"ಅವ್ವ ಮುದುಕಿ. ತಡಕೊಳ್ಳೂದಿಲ್ಲ."

"ನಮ್ಮವ್ವನೂ ಮುದುಕಿನ ಅದಾಳ್ರಿ. ಬಾವಿ ಕೆಡಿಸಿದಾಕಿ ಅಂತ ಇಲ್ಲಿ ತನಕ ಸುದ್ದಿ ಬಂದೈತಿ. ಯಾರೂ ಕೆಲಸಕ್ಕ ಕರ್ಯಾಕತ್ತಿಲ್ಲ. ಆಕಿಗೆ ನಾ ಏನ್ ಹೇಳ್ಲಿ?"

ಮರುದಿನ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ, ರೈಲು ಬಂದ ಮೇಲೆ ಅಣ್ಣನಿಗೆ ಹೇಳಿದ. ಬಾಬಾಸಾಹೇಬ ಸುತ್ತ ನೋಡಿದ. "ಈಗ ಇದನ್ನ ಎತ್ತಬ್ಯಾಡ. ಗಾಡಿ ಏರು." ಆ ಮಾತನ್ನು ಹೂತುಹಾಕಬಲ್ಲವನನ್ನೇ ಆರಿಸಿ ಹೇಳಿದ್ದೇನೆಂದು ನೇಮಿನಾಥನಿಗೆ ಗೊತ್ತಿತ್ತು. ಗಾಡಿ ಏರಿದ.

ಆರು ವರ್ಷಗಳ ಮೇಲೆ ಜಿನ್ನವ್ವ ತೀರಿಕೊಂಡಳು. ನೇಮಿನಾಥ ಬಂದವನೇ ಮೇಲವಂಕಿಗೆ ಹೋದ. ಗುಡ್ಡವ್ವನ ತಾಯಿ ಎಂದೋ ಸತ್ತಿದ್ದಳು. ಗುಡ್ಡವ್ವ ಹುಕ್ಕೇರಿ ಕಡೆ ಹೋದಳು ಎಂದರು. ಹುಕ್ಕೇರಿಯಲ್ಲಿ ಎರಡು ದಿನ ಅಲೆದ. ಗುರುತು ಹೇಳುವವರೇ ಸಿಗಲಿಲ್ಲ.

ಮರಳಿ ಬಂದು, ಬೆಳಗಿನ ಹೊತ್ತು ಬಾವಿಯ ಕಟ್ಟೆಗೆ ಹೋಗಿ, ನೀರಿಗೆ ಬಂದ ಹೆಂಗಸರ ಮುಂದೆ ಎಲ್ಲವನ್ನೂ ಹೇಳಿದ. ಬಾಟಲಿ ಇಟ್ಟವನು ನಾನು, ಗುಡ್ಡವ್ವನ ತಪ್ಪಿಲ್ಲ ಎಂದ. ಹೆಂಗಸರು ಹಗ್ಗ ಹಿಡಿದು ನಿಂತು, ಮರ್ಯಾದೆಯಿಂದ ಕೊನೆಯವರೆಗೆ ಕೇಳಿದರು.

ಹೊಸದಾಗಿ ಮದುವೆಯಾಗಿ ಬಂದ ಒಬ್ಬಳು ಪಕ್ಕದವಳನ್ನು ಮೆಲ್ಲಗೆ ಕೇಳಿದಳು: "ಗುಡ್ಡವ್ವ ಅಂದ್ರ ಯಾರಽ?"

ಪಕ್ಕದವಳು ನೆನಪು ಮಾಡಿಕೊಳ್ಳಲು ನೋಡಿದಳು. ಆಮೇಲೆ ಕೊಡ ಇಳಿಬಿಟ್ಟಳು.