ಕರೆಂಟ್ ಹೋದ ಮೇಲಿನ ಹಾಡು

ಚನ್ನಪಟ್ಟಣದ ಸುತ್ತಮುತ್ತ ಐವತ್ತು ದಾಟಿದ ಕೆಲವರಿಗೆ ಒಂದು ಇಂಗ್ಲಿಷ್ ಹಾಡು ಅರ್ಧ ಮಾತ್ರ ಗೊತ್ತು. ಪದ ಮರೆತು ಹೋದದ್ದಲ್ಲ. ಕರೆಂಟ್ ಹೋದದ್ದು.

ಹಾಡಿದವರು ಟಿನ್ ಹಾರ್ಬರ್ ಅನ್ನುವ ಬ್ಯಾಂಡಿನವರು. ಇಂಗ್ಲೆಂಡಿನ ಯಾವುದೋ ಬಂದರಿನ ನಾಲ್ಕು ಹುಡುಗರು ಎಪ್ಪತ್ತರ ದಶಕದಲ್ಲಿ ಐದು ಆಲ್ಬಂ ಮಾಡಿ, ಆಮೇಲೆ ತಮ್ಮತಮ್ಮಲ್ಲೇ ಕಿತ್ತಾಡಿ ಕೋರ್ಟು ಹತ್ತಿದರು. ಜಗಳ ತೀರುವ ತನಕ ಆ ಹಾಡುಗಳನ್ನು ಯಾರೂ ಮತ್ತೆ ಹೊರಗೆ ತರುವಂತಿರಲಿಲ್ಲ. ಫೋನಿನಲ್ಲೂ ಸಿಗುತ್ತಿರಲಿಲ್ಲ, ಯಾರಾದರೂ ಕದ್ದು ಹಾಕಿದರೆ ವಕೀಲರು ತೆಗೆಸಿಬಿಡುತ್ತಿದ್ದರು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುತ್ತಾರೆ. ನಮ್ಮ ಪಾಲಿಗೆ ಆ ಗಾದೆ ಸುಳ್ಳಾಯಿತು.

ನಾನು ಭಾನುಪ್ರಿಯ, ಸಾರಿಗೆ ಬಸ್ಸಿನ ಕಂಡಕ್ಟರು. ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ ಅಂತ ಸುತ್ತುವುದೇ ನನ್ನ ಬದುಕು. ಬಾಯಿ ಜೋರು ಅಂತ ಎಲ್ಲರೂ ಹೇಳುತ್ತಾರೆ. ಫುಟ್‌ಬೋರ್ಡಿನ ಮೇಲೆ ನೇತಾಡುವವರನ್ನು ಪಿಸುಮಾತಿನಲ್ಲಿ ಒಳಗೆ ಕಳಿಸುವ ವಿದ್ಯೆ ಯಾರಿಗಾದರೂ ಬರುವುದಾದರೆ ನನಗೂ ಕಲಿಸಲಿ.

ನಾನು ಪಿಯುಸಿ ಓದುವಾಗ ನನ್ನ ಕ್ಲಾಸಿನ ಸ್ವಾಮಿ ತನ್ನ ಅಣ್ಣನ ಕ್ಯಾಸೆಟ್ ಅಂಗಡಿಯಲ್ಲಿ ಕೂರುತ್ತಿದ್ದ. ಬೆಂಗಳೂರಿನಿಂದ ಮದುವೆಗೆ ಬಂದಿದ್ದ ಯಾರೋ ಒಬ್ಬರ ಹತ್ತಿರ ಟಿನ್ ಹಾರ್ಬರಿನ ನಾಲ್ಕನೇ ಆಲ್ಬಂನ ರೆಕಾರ್ಡ್ ಇತ್ತು. ಊಟ ಮುಗಿಯುವವರೆಗೆ ಅಂತ ಕೊಟ್ಟರು. ಡಬ್ ಮಾಡುವ ವೈರು ಅವತ್ತೇ ಕೆಟ್ಟಿತ್ತು. ಸ್ವಾಮಿ ಸ್ಪೀಕರಿನ ಮುಂದೆ ಸೆಲ್ ಹಾಕಿದ ಟೇಪ್‌ರೆಕಾರ್ಡರ್ ಇಟ್ಟು, ಗುಂಡಿ ಒತ್ತಿ, ಉಸಿರು ಬಿಗಿಹಿಡಿದು ಕೂತ. ಕೊನೆಯ ಹಾಡಿನ ನಡುವೆ ಕರೆಂಟ್ ಹೋಯಿತು. ರೆಕಾರ್ಡು ತಿರುಗುವುದು ನಿಧಾನವಾಗಿ, ಹಾಡುವವನ ದನಿ ಬಾವಿಗೆ ಇಳಿದ ಹಾಗೆ ಇಳಿದು ನಿಂತಿತು. ಸೆಲ್ಲಿನ ಮೇಲಿದ್ದ ಟೇಪು ಮಾತ್ರ ಓಡುತ್ತಲೇ ಇತ್ತು. “ಥೂ, ಹೋಯ್ತಲ್ಲಪ್ಪೋ” ಅಂದ ಸ್ವಾಮಿಯನ್ನೂ ಅದು ಹಿಡಿದುಕೊಂಡಿತು. ಕರೆಂಟ್ ಬರುವಷ್ಟರಲ್ಲಿ ಮದುವೆಯವರು ರೆಕಾರ್ಡು ಇಸಿದುಕೊಂಡು ಹೋಗಿಯಾಗಿತ್ತು.

ಮುಂದೆ ಎಲ್ಲ ಪ್ರತಿಗಳೂ ಆ ಒಂದೇ ಕ್ಯಾಸೆಟ್ಟಿನಿಂದ ಹುಟ್ಟಿದವು. ಬೈರಾಪಟ್ಟಣದಲ್ಲಿ ಕೇಳಿದರೂ ಅಷ್ಟೇ, ಗುಡೇಮಾರನಹಳ್ಳಿಯಲ್ಲಿ ಕೇಳಿದರೂ ಅಷ್ಟೇ, ಹಾಡು ಅದೇ ಜಾಗದಲ್ಲಿ ಮುಳುಗಿ ಸ್ವಾಮಿ “ಥೂ” ಅನ್ನುತ್ತಿದ್ದ. ನಾವೂ ಅವನ ಜೊತೆ “ಥೂ” ಅನ್ನುತ್ತಿದ್ದೆವು.

ಅದನ್ನು ತಡೆಯಲಾರದೆ ಹೋದವನು ನಮ್ಮ ಗೆಳೆಯ ಓವೈಸ್. ಆಗವನಿಗೆ ಹತ್ತೊಂಬತ್ತು. ಅಪ್ಪನ ಜೊತೆ ಲೇತಿನ ಮುಂದೆ ಕೂತು ಮರದ ಬೊಂಬೆ ಕಡೆಯುತ್ತಿದ್ದ. ಎಲ್ಲಿಂದಲೋ ತಂದ ಹಳೆಯ ಗಿಟಾರು ಒಂದಿತ್ತು. “ಮನ್ಸನ್ನ ಅರ್ಧ ದಾರೀಲಿ ಇಳ್ಸೋದಾ?” ಅಂತ ಸಿಟ್ಟು ಮಾಡಿಕೊಂಡು, ಒಂದು ತಿಂಗಳು ತಲೆ ಕೆಡಿಸಿಕೊಂಡು, ಆ ಹಾಡಿಗೆ ತಾನೇ ಒಂದು ಕೊನೆ ಮಾಡಿದ. ಅದರಲ್ಲಿ ಪದಗಳಿರಲಿಲ್ಲ. ದನಿ ಮುಳುಗಿದ ಜಾಗದಿಂದಲೇ ಹಿಡಿದು, ಮೆಲ್ಲಗೆ ಕೆಳಗೆ ಕೆಳಗೆ ಇಳಿಯುವ ಒಂದು ಗುನುಗು. ಕೊನೆಗೆ ಎಲ್ಲೋ ತಳ ಸಿಕ್ಕ ಹಾಗೆ ಆಗುತ್ತಿತ್ತು. ಅವನು ತಲೆ ಬಗ್ಗಿಸಿ ಗಿಟಾರು ನುಡಿಸುತ್ತಾ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವನು, ನಾವು ಹಿಂದೆ ಸೇರಿಕೊಳ್ಳುವೆವು.

ನಮ್ಮ ಗುಂಪಿನ ನಾಲ್ಕನೆಯವನಾದ ತೌಹೀದ್ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕ ಹಾಕಿದಾಗ ಅದನ್ನು ಹಾಡಿದೆವು. ನನಗೆ ಕೆಲಸದ ಆರ್ಡರ್ ಬಂದಾಗ ಹಾಡಿದೆವು. ನನ್ನ ಗಂಡ ತೀರಿಕೊಂಡ ವರ್ಷ ಓವೈಸ್ ಒಂದು ದಿನ ಗಿಟಾರು ಹಿಡಿದು ಬಂದ, ಹಿತ್ತಿಲಲ್ಲಿ ಕೂತು ಆ ಕೊನೆಯನ್ನಷ್ಟೇ ನುಡಿಸಿದ, ಒಂದು ಮಾತೂ ಆಡದೆ ಎದ್ದು ಹೋದ. ಅವತ್ತು ನಾನು ಮೊದಲ ಸಲ ಗಟ್ಟಿಯಾಗಿ ಅತ್ತೆ. ಹಾಗಾಗಿ ಆ ಕೊನೆಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಸುಮ್ಮನಿರುವವಳಲ್ಲ.

ಹೋದ ವರ್ಷ ಕೋರ್ಟಿನ ಜಗಳ ಮುಗಿಯಿತು. ಹಳೆಯ ಮೂಲ ಟೇಪುಗಳನ್ನು ತೊಳೆದು ಮಡಿ ಮಾಡಿ, ಐದೂ ಆಲ್ಬಂ ರೀಮಾಸ್ಟರ್ ಮಾಡಿ, ಒಂದು ದೊಡ್ಡ ಪೆಟ್ಟಿಗೆಯಲ್ಲಿ ಹೊಸ ರೆಕಾರ್ಡುಗಳಾಗಿ ಬಿಡುತ್ತಾರೆ ಅಂತ ಸುದ್ದಿ ಬಂತು. ಒಂದು ಪೆಟ್ಟಿಗೆ ತರಿಸಿ ನಾಲ್ಕು ಜನ ಕೇಳಬಹುದಿತ್ತು. ಬುದ್ಧಿ ಇದ್ದವರು ಹಾಗೇ ಮಾಡುತ್ತಿದ್ದರು. ನಾವು ನಾಲ್ವರೂ ಒಂದೊಂದು ತರಿಸಿದೆವು. ಪ್ರಸಾದವನ್ನು ಹಂಚಿಕೊಂಡು ತಿನ್ನಬಹುದು, ದೇವರ ಫೋಟೋ ಹರಿದು ಹಂಚಿಕೊಳ್ಳಲಾಗುತ್ತದೆಯೇ? ನನ್ನ ಮನೆಯಲ್ಲಿ ರೆಕಾರ್ಡ್ ಹಾಕುವ ಯಂತ್ರವೇ ಇಲ್ಲ. ಆದರೂ ಪೆಟ್ಟಿಗೆ ಬಂದ ದಿನ ಅದನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯೆಲ್ಲ ಕೂತಿದ್ದೆ. ಬ್ಯಾಂಡಿನ ನಾಲ್ವರ ದೊಡ್ಡ ಫೋಟೋ ಒಳಗಿತ್ತು. ಅಷ್ಟು ವರ್ಷ ದನಿ ಕೇಳಿದ್ದೆನೇ ಹೊರತು ಅವರ ಮುಖ ಕಂಡಿರಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು, ಯಾರೂ ನೋಡುತ್ತಿರಲಿಲ್ಲ, ಮುಗಿದೆ.

ನಾವು ನಾಲ್ವರೂ ಒಟ್ಟಿಗೆ ಸೇರುವ ತನಕ ಯಾರೂ ಹಾಡು ಕೇಳಬಾರದು ಅಂತ ಮಾತಾಗಿತ್ತು. ಒಂದು ಭಾನುವಾರ ಗೊತ್ತು ಮಾಡಿದೆವು, ಓವೈಸ್ ಬರಲಿಲ್ಲ. ಇನ್ನೊಂದು ಭಾನುವಾರ ಗೊತ್ತು ಮಾಡಿದೆವು, ಆಗಲೂ ಬರಲಿಲ್ಲ. ಜ್ವರ, ಆರ್ಡರ್, ನೆಂಟರು ಅಂತ ಒಂದೊಂದು ಸಲ ಒಂದೊಂದು ನೆಪ.

ನಿಜ ಏನು ಅಂತ ಹೇಳಿದ್ದು ಅವನ ಮಗಳು ಮೆಹ್ರೀನ್. ಅವಳು ರಾಮನಗರಕ್ಕೆ ಕೆಲಸಕ್ಕೆ ಹೋಗಲು ನನ್ನ ಬಸ್ಸೇ ಹತ್ತುತ್ತಾಳೆ.

“ಆಂಟಿ, ಅಬ್ಬಾ ಬಾಕ್ಸ್ ತೆಗೆದೇ ಇಲ್ಲ. ಪ್ಲಾಸ್ಟಿಕ್ ಸಮೇತ ಕಪಾಟಿನ ಮೇಲೆ ಇಟ್ಟುಬಿಟ್ಟಿದ್ದಾರೆ. ದಿನಾ ಒರೆಸುತ್ತಾರೆ ಮಾತ್ರ.”

“ಯಾಕಂತೆ?”

“ನಿಜವಾದ ಕೊನೆ ಬಂದ ಮೇಲೆ ನಂದು ಯಾರಿಗೆ ಬೇಕು ಅಂತಾರೆ.”

ನನಗೆ ತಟ್ಟನೆ ಅರ್ಥವಾಯಿತು. ಓವೈಸ್ ಬದುಕೆಲ್ಲ ಮಾದರಿ ನೋಡಿ ಮಾಡಿದವನು. ವ್ಯಾಪಾರಿ ಒಂದು ಮಾದರಿ ತಂದಿಡುತ್ತಾನೆ, ಇಂಥದ್ದೇ ಬೇಕು ಅನ್ನುತ್ತಾನೆ, ಇವನು ಅಂಥದ್ದೇ ಕಡೆದು ಕೊಡುತ್ತಾನೆ. ಮಾದರಿಯಿಲ್ಲದೆ ಅವನು ಮಾಡಿದ್ದು ಆ ಹಾಡಿನ ಕೊನೆ ಒಂದೇ. ಈಗ ಅದಕ್ಕೂ ಅಸಲಿ ಮಾದರಿ ಬಂದು ಕೂತಿದೆ, ಪಕ್ಕದಲ್ಲಿಟ್ಟು ನೋಡಿದರೆ ತನ್ನದು ಸೊಟ್ಟ ಕಂಡೀತು ಅನ್ನುವ ಭಯ. ಪಾಪ ಅನ್ನಿಸಿತು. ಅದರ ಹಿಂದೆಯೇ ಕೋಪವೂ ಬಂತು. ನಮ್ಮನ್ನೆಲ್ಲ ಕಾಯಿಸುತ್ತಿದ್ದಾನಲ್ಲ!

ಮುಂದಿನ ಭಾನುವಾರ ಹೇಳದೆ ಕೇಳದೆ ಅವನ ಲೇತ್ ಶೆಡ್ಡಿಗೇ ನುಗ್ಗಿದೆವು. ಈಗ ಕನಕಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಸ್ವಾಮಿ ರೆಕಾರ್ಡ್ ಪ್ಲೇಯರು, ಸ್ಪೀಕರು, ಜೊತೆಗೆ ಒಂದು ಯುಪಿಎಸ್ಸನ್ನೂ ಹೊತ್ತು ತಂದಿದ್ದ. ಒಂದು ಸಲ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿಕೊಂಡು ಕುಡಿಯುತ್ತಾನೆ.

ಓವೈಸ್ ಅರಗಿನ ಬಣ್ಣ ಅಂಟಿದ ಕೈ ಹಾಗೇ ಹಿಡಿದು ಎದ್ದು ನಿಂತ. “ಏನ್ಲಾ ಇದು, ಗುಂಪು ಕಟ್ಕೊಂಡು?”

“ನೀನ್ ಬರ್ನಿಲ್ಲ, ನಾವೇ ಬಂದೋ. ಒಸಿ ಜಾಗ ಬುಡು” ಅಂದೆ.

“ನೀವ್ ಕೇಳ್ಕಳಿ ಭಾನು. ನಾನ್ ಹೊರಗೆ ಇರ್ತೀನಿ.”

“ಹೊರ್ಗೆ ಹೋದ್ರೆ ಬಾಗ್ಲಲ್ಲೇ ಕುಂತು ಬೀದಿಗೆಲ್ಲ ಕೇಳಂಗೆ ಕಿರುಚ್ತೀನಿ. ನನ್ ಬಾಯಿ ಗೊತ್ತಲ್ಲ ನಿಂಗೆ.”

ಗೊತ್ತಿತ್ತು. ಕೂತ. ಮೆಹ್ರೀನ್ ಟೀ ತಂದಿಟ್ಟು ಬಾಗಿಲ ಹತ್ತಿರವೇ ನಿಂತಳು.

ನಾಲ್ಕನೇ ಆಲ್ಬಂನ ಮೊದಲ ಹಾಡು ಶುರುವಾದ ಕೂಡಲೇ ಸ್ವಾಮಿ ಗಾಬರಿಯಿಂದ ಯಂತ್ರದ ಕಡೆ ಬಗ್ಗಿದ. ಹಾಡು ನಿಧಾನವಾಗಿತ್ತು. ದನಿ ದಪ್ಪವಾಗಿತ್ತು. ನಮ್ಮ ಹಾಡುಗಾರ ಸಣ್ಣ ದನಿಯ ಹುಡುಗ. ಇವನು ಎದೆಯಾಳದಿಂದ ಹಾಡುವ ಗಂಡಸು. ಸ್ವಾಮಿಗೆ ಆಮೇಲೆ ಹೊಳೆಯಿತು. ಅವತ್ತು ಸೆಲ್ ವೀಕಾಗಿತ್ತು. ನಿಧಾನವಾಗಿ ಓಡಿದ ಟೇಪಿನಲ್ಲಿ ಹಿಡಿದದ್ದನ್ನು ಸರಿಯಾದ ಟೇಪಿನಲ್ಲಿ ಹಾಕಿದರೆ ಎಲ್ಲವೂ ವೇಗ, ಎಲ್ಲರ ದನಿಯೂ ಸಣ್ಣ. ಅಷ್ಟು ವರ್ಷ ನಾವು ಆ ಮನುಷ್ಯನ ದನಿಯನ್ನು ಕೇಳಿಯೇ ಇರಲಿಲ್ಲ. 

ಮೂರನೇ ಹಾಡಿನ ನಡುವೆ ಒಂದೇ ಸಲ ಪೋಂ ಅಂತ ಊದುತ್ತಿದ್ದ, ನಮಗೆಲ್ಲ ಪ್ರಾಣವಾಗಿದ್ದ ಹಾರನ್ನು ಬರಲೇ ಇಲ್ಲ. ಆ ಜಾಗಕ್ಕೆ ಎಲ್ಲರೂ ಕಾಯುತ್ತಿದ್ದೆವು, ಬೆರಳೂ ಎತ್ತಿದ್ದೆವು.

“ಎಲ್ಲೋಯ್ತೋ ಅದು?” ಅಂದ ತೌಹೀದ್.

ಸ್ವಾಮಿ ತಲೆ ಕೆರೆದುಕೊಂಡ. “ಅಂಗ್ಡಿ ಮುಂದೆ ಮೈಸೂರ್ ರೋಡಲ್ವೇನ್ಲಾ. ಯಾವ್ದೋ ಬಸ್ಸಿರ್ಬೇಕು.”

ಇಷ್ಟು ವರ್ಷ ಬಸ್ಸಿನ ಹಾರನ್ನಿಗೆ ತಲೆದೂಗಿದ್ದೇನೆ, ಅದೂ ಬಸ್ಸಿನವಳಾಗಿ! ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಓವೈಸ್ ನಗಲಿಲ್ಲ. ಕೊನೆಯ ಹಾಡು ಹತ್ತಿರವಾಗುತ್ತಿದೆ ಅನ್ನುವುದೇ ಅವನ ತಲೆಯಲ್ಲಿತ್ತು.

ಕೊನೆಯ ಹಾಡು ಬಂತು. ಯಾರೂ ಟೀ ಲೋಟ ಮುಟ್ಟಲಿಲ್ಲ. ಆ ಜಾಗ ಹತ್ತಿರ ಹತ್ತಿರ ಬಂದಂತೆ ಸ್ವಾಮಿ ಯುಪಿಎಸ್ಸಿನ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಆದದ್ದನ್ನು ಹೇಳಿದರೆ ನಗುತ್ತೀರಿ. ದನಿ ಮುಳುಗಬೇಕಾದ ಜಾಗದಲ್ಲಿ ನಮ್ಮ ಮೂವರ ಬಾಯೂ ತಾನಾಗಿ ತೆರೆದು, ಓವೈಸನ ಕೊನೆಯನ್ನು ಹಾಡತೊಡಗಿತು. ಬೇಕೆಂದು ಮಾಡಿದ್ದಲ್ಲ. ನನ್ನ ಗಂಟಲಿನ ಅಬ್ಬರದಲ್ಲಿ ಆ ನಾಲ್ವರು ಏನು ಹಾಡಿದರೋ ದೇವರಿಗೇ ಗೊತ್ತು. ನಾವು ತಳ ಮುಟ್ಟಿ ಕಣ್ಣು ಬಿಡುವಷ್ಟರಲ್ಲಿ ರೆಕಾರ್ಡು ಮುಗಿದು ಸೂಜಿ ಸುಮ್ಮನೆ ಸುತ್ತುತ್ತಿತ್ತು.

“ಬಾಯ್ ಮುಚ್ರಲಾ!” ಓವೈಸ್ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. “ಅವ್ರು ಹೇಳ್ಲಿ. ಅವ್ರ್ ಹಾಡನ್ನ ಅವ್ರು ಹೇಳ್ಲಿ.”

ಸ್ವಾಮಿ ಸೂಜಿಯನ್ನು ಹಿಂದಕ್ಕಿಟ್ಟ. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಆ ಜಾಗದಲ್ಲಿ ಹಾಡುವವನು ಮುಳುಗಲಿಲ್ಲ. ಡ್ರಮ್ಮು ನಿಂತಿತು, ಗಿಟಾರು ನಿಂತಿತು, ಅವನೊಬ್ಬನೇ ಮೇಲಕ್ಕೆ ಹೊರಟ. ನಾವು ಕತ್ತಲೆ ಅಂದುಕೊಂಡಿದ್ದ ಕಡೆ ಬೆಟ್ಟವಿತ್ತು. ಸ್ವಲ್ಪ ಹತ್ತಿದ ಮೇಲೆ ಎರಡನೆಯವನ ದನಿ ಸೇರಿತು. ಮೂರನೆಯವನು ಸೇರಿದ. ನಾಲ್ಕನೆಯವನೂ ಬಂದ. ಬೇರೇನೂ ಇಲ್ಲ, ನಾಲ್ಕು ಗಂಟಲು ಅಷ್ಟೇ. ಎಷ್ಟು ಸ್ಪಷ್ಟವಾಗಿತ್ತೆಂದರೆ, ಒಬ್ಬ ಉಸಿರು ತೆಗೆದುಕೊಳ್ಳುವಾಗ ಉಳಿದವರು ಅವನಿಗಾಗಿ ಕಾಯುವುದು ಕೇಳಿಸುತ್ತಿತ್ತು. ಮುಂದೆ ನಲವತ್ತು ವರ್ಷ ಕೋರ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಕೂತವರು ಇವರೇ. ಅವತ್ತು ಮಾತ್ರ ಒಬ್ಬನನ್ನು ಬಿಟ್ಟು ಒಬ್ಬ ಹತ್ತಲಿಲ್ಲ. ತುದಿ ಮುಟ್ಟಿದರು, ಮುಗಿಯಿತು.

ಇಂಥದ್ದು ಜಗತ್ತಿನಲ್ಲಿ ಇತ್ತು, ನಾವು ಅದರ ಬಾಗಿಲ ತನಕ ಬಂದು ಬಂದು ತಿರುಗಿ ಹೋಗುತ್ತಿದ್ದೆವು. ತೌಹೀದ್ ಕನ್ನಡಕ ತೆಗೆದು ಒರೆಸಿದ. ಓವೈಸನ ಮುಖ ನೋಡುವ ಧೈರ್ಯ ಯಾರಿಗೂ ಆಗಲಿಲ್ಲ.

ಕೊನೆಗೆ ಅವನೇ ಮಾತಾಡಿದ. “ನಂದಕ್ಕಿಂತ ಚೆಂದಾಗೈತೆ.”

“ಅಂಗೇನಿಲ್ಲ ಕಣೋ...” ಅಂತ ನಾನು ಶುರು ಮಾಡಿದೆ.

“ಸುಳ್ಳೇಳ್ಬ್ಯಾಡ ಭಾನು. ನಂಗೂ ಕಿವಿ ಐತೆ.” ಅವನ ಕಣ್ಣು ತುಂಬಿತ್ತು. ಆದರೆ ನಾನು ಹೆದರಿದ್ದಂಥ ನೋವು ಆ ಮುಖದಲ್ಲಿರಲಿಲ್ಲ. ದೊಡ್ಡದೇನನ್ನೋ ಕಣ್ಣಾರೆ ಕಂಡು ಬಂದವನ ಹಾಗಿದ್ದ. “ಇದನ್ ಕೇಳ್ದೆ ಸತ್ತೋಗ್ಬುಡ್ತಿದ್ನಲ್ಲ ನಾನು.”

ಕೈಯ ಬಣ್ಣವನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ ಸ್ವಾಮಿಗೆ ಹೇಳಿದ, “ಇನ್ನೊಂದ್ ಸಲ ಹಾಕು. ಈಗ ನೀವೂ ಹಾಡಿ, ಒಸಿ ಮೆಲ್ಲಗೆ. ನಾನ್ ಸುಮ್ಕಿರ್ತೀನಿ.”

“ಯಾಕ್ಲಾ?” ಅಂದ ತೌಹೀದ್.

“ಹಾಕ್ಲಾ ಅಂದ್ರೆ.”

ಹಾಕಿದ. ಆ ಜಾಗ ಬಂತು. ಅವರು ಮೇಲಕ್ಕೆ ಹೊರಟರು, ನಾವು ಕೆಳಕ್ಕೆ ಹೊರಟೆವು. ನಾನು ಬದುಕಿನಲ್ಲಿ ಅಷ್ಟು ಮೆಲ್ಲಗೆ ಹಾಡಿದ್ದು ಅದೇ ಮೊದಲು. ಎರಡು ಕೊನೆಗಳೂ ಜಗಳಕ್ಕೆ ಬೀಳುತ್ತವೆ ಅಂದುಕೊಂಡಿದ್ದೆ, ಬೀಳಲಿಲ್ಲ. ಅವರು ಹತ್ತಿದಷ್ಟೂ ನಮ್ಮದು ಆಳಕ್ಕೆ ಹೋಯಿತು. ನಮ್ಮದು ಆಳವಾದಷ್ಟೂ ಅವರದು ಎತ್ತರ ಕೇಳಿಸಿತು. ಬಾಗಿಲ ಹತ್ತಿರದಿಂದ ಮೆಹ್ರೀನ್ ಕೂಡ ಸೇರಿಕೊಂಡಳು, ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದವಳು. ಆ ತಗಡಿನ ಶೆಡ್ಡು ತುಂಬಿ ಹೋಯಿತು. ಅವರು ತುದಿ ಮುಟ್ಟಿದ ಗಳಿಗೆಯಲ್ಲೇ ನಾವು ತಳ ಮುಟ್ಟಿದೆವು. 

ಓವೈಸ್ ಅಷ್ಟೂ ಹೊತ್ತು ಕಣ್ಣು ಮುಚ್ಚಿ ಕೂತಿದ್ದ. ಯಾವಾಗಲೂ ತಲೆ ಬಗ್ಗಿಸಿ, ಗಿಟಾರಿನ ಸದ್ದಿನೊಳಗೆ ತಾನೇ ಮುಂದಾಗಿ ಹಾಡುತ್ತಿದ್ದವನು. ಕೆಲಸವಿಲ್ಲದೆ ಕೂತು ಇದನ್ನು ಬೇರೆಯವರ ಬಾಯಿಂದ ಅವನು ಒಂದು ಸಲವೂ ಕೇಳಿರಲಿಲ್ಲ.

“ಯಾರ್ಲಾ ಮಾಡಿದ್ದು ಇದನ್ನ?” ಅಂದ.

ತೌಹೀದ್ ಪೆಟ್ಟಿಗೆಯ ಮೇಲೆ ಹಾಡು ಕಟ್ಟಿದವರ ಹೆಸರು ಹುಡುಕತೊಡಗಿದ.

“ಅದಲ್ಲ. ಕೆಳೀಕೆ ಇಳೀತಿತ್ತಲ್ಲ, ಅದು.”

 ಮೆಹ್ರೀನ್ ಹೇಳಿದಳು, “ನೀವೇ ಅಬ್ಬಾ.”

“ನಾನಾ?” ಅಂದ ಓವೈಸ್. ನಿಜವಾಗಿಯೂ ಕೇಳುತ್ತಿದ್ದ.